ಕೊನೆಯ ಭಾಜಕ

ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಹಿಂದಿನ ಸಂಜೆಯೇ ಒಯ್ದಿದ್ದರಿಂದ ಹೊರಗಿನ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಗಂಡ ಕುಶಲನ ಉತ್ತರಕ್ರಿಯೆ ಮುಗಿದು, ಉಡುಪಿಯಿಂದ ಬಂದವರು ರೈಲು ಹತ್ತಿ, ಪಕ್ಕದ ಮನೆಯವರು ತಮ್ಮ ದೊಡ್ಡ ಪಾತ್ರೆಗಳನ್ನು ಕೇಳಿ ಪಡೆದು, ಎಲ್ಲರೂ ತಂತಮ್ಮ ಬಾಗಿಲು ಹಾಕಿಕೊಂಡ ಮೇಲಿನ ಮೊದಲ ಸಾಧಾರಣ ಬೆಳಗು. ಡೊಂಬಿವಲಿ ಸ್ಟೇಷನ್ನಿನ ಧ್ವನಿವರ್ಧಕ ಎಂದಿನಂತೆ ನಾಲ್ಕನೆಯ ಮಹಡಿಯ ತನಕ ಅರ್ಧಂಬರ್ಧ ಕೇಳುತ್ತಿತ್ತು. ಯಾವುದೋ ಫಾಸ್ಟ್ ಲೋಕಲ್ ತಡವಾಗಿದೆ, ನಿಮಗಾದ ತೊಂದರೆಗೆ ವಿಷಾದವಿದೆ ಎಂದು ಒಂದು ಹೆಣ್ಣುದನಿ ಹೇಳಿತು. ಇಷ್ಟು ದಿನ ಕೇಳಿದ ವಿಷಾದಗಳಲ್ಲೆಲ್ಲ ಅದೊಂದಕ್ಕೇ ಮರುಮಾತು ಹೇಳಬೇಕಿಲ್ಲ ಎಂದುಕೊಂಡು ಅನಘ ಬಾಗಿಲಿಗೆ ತೂಗುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದಳು. ಹಾಲನ್ನು ಒಲೆಯ ಮೇಲಿಟ್ಟಳು. ಬಾಲ್ಕನಿಗೆ ಹೋಗಿ ಒಣಗಿದ ಟವೆಲನ್ನು ಮುಟ್ಟಿ ನೋಡಿ ಅಲ್ಲೇ ಬಿಟ್ಟಳು. ಒಲೆ ಹಚ್ಚಿದೆನೋ ಇಲ್ಲವೋ ಎಂದು ತಿರುಗಿ ಬಂದಳು, ಹಚ್ಚಿತ್ತು. ಕೂತರೆ ಏಳಬೇಕು ಅನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಅನ್ನುವುದು ತಿಳಿಯುತ್ತಿರಲಿಲ್ಲ. ಅಳು ಬಂದಿರಲಿಲ್ಲ. ಅದನ್ನು ಬಂದವರೆಲ್ಲ ಗಮನಿಸಿದ್ದರು, ಅವಳಿಗೆ ಬಾರದ ತುಳುವಿನಲ್ಲಿ ಅವಳ ತಲೆಯ ಮೇಲಿಂದ ಮಾತಾಡಿಕೊಂಡಿದ್ದರು. ಹುಬ್ಬಳ್ಳಿ ಕಡೆಯ ಹುಡುಗಿ, ಓದಿದವಳು, ಹಾಗೇ ಇರಬೇಕು ಎಂಬ ಅರ್ಥ ಮಾತ್ರ ಹೇಗೋ ದಾಟಿ ಬಂದಿತ್ತು.

ಆಗ ಒಳಕೋಣೆಯಲ್ಲಿ ಟಿಂಗ್ ಎಂದಿತು.

ಭಾಗಾಕಾರದಲ್ಲಿ ಒಂದು ಸುತ್ತು ಹೆಚ್ಚಾದರೆ, ಕೈಯಿಂದ ತಿರುಗಿಸುವ ಆ ಹಳೆಯ ಲೆಕ್ಕದ ಯಂತ್ರ ಗಂಟೆ ಬಾರಿಸುತ್ತದೆ. ಹೋದ ಗಣಪತಿ ಹಬ್ಬದಿಂದೀಚೆಗೆ ಈ ಮನೆಯ ಸಂಜೆಗಳೆಲ್ಲ ಆ ಗಂಟೆಯವೇ. ಕುಶಲ ಹಿಡಿಯನ್ನು ಹಿಂದಕ್ಕೆ ತಿರುಗಿಸುವನು, ಕರಕರ, ಕರಕರ, ಟಿಂಗ್. ಮುಂದಕ್ಕೆ ಒಂದು ಸುತ್ತು ಕೊಟ್ಟು, ಹೆಚ್ಚು ಕಳೆದದ್ದನ್ನು ಮರಳಿಸುವನು. ಅಂಕೆಗಳ ಗಾಡಿಯನ್ನು ಒಂದು ಸ್ಥಾನ ಪಕ್ಕಕ್ಕೆ ಸರಿಸುವನು, ಮತ್ತೆ ಕರಕರ. ಗಂಟೆ ಕೇಳಿದ್ದೇ ಅನಘಳ ಬಾಯಿಗೆ 'ಸಾಕು ಮಾಡು ಮಾರಾಯ, ನನ್ನ ಪೇಪರ್ ತಿದ್ದಿ ಇನ್ನೂ ಮುಗಿದಿಲ್ಲ' ಎಂಬ ಮಾತು ಬಂದೇಬಿಟ್ಟಿತ್ತು. ಅದನ್ನು ನಾಲಗೆಯ ತುದಿಯಲ್ಲಿ ಹಿಡಿದುಕೊಂಡೇ ಓಡಿದಳು. ಕುಶಲನ ಅಕ್ಕ ಸ್ವರ್ಣಲತಾ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಯಂತ್ರದೆದುರು ತಪ್ಪು ಮಾಡಿದವಳಂತೆ ನಿಂತಿದ್ದಳು.

"ಎಂತ ಸ್ವರ ಮಾರಾಯ್ತಿ ಇದರದ್ದು! ಎದೆ ಧಸಕ್ ಅಂತು. ಧೂಳು ಒರೆಸುವ ಅಂತ ಹಿಡಿ ತಿರುಗಿಸಿದ್ದೇ ಸೈ, ಕಿಟಕಿಯಲ್ಲಿ ಬರೀ ಒಂಬತ್ತು ಒಂಬತ್ತು ಒಂಬತ್ತು ಬಂತು. ಹೆದರಿ ಈ ಚಿಟ್ಟೆ ರೆಕ್ಕೆ ಹಾಗೆ ಉಂಟಲ್ಲ, ಅದನ್ನು ತಿರುಗಿಸಿದೆ. ಎಲ್ಲ ಸೊನ್ನೆ ಆಯ್ತು."

"ಅದಕ್ಕೂ ಮೊದಲು ಏನಿತ್ತು ಅಕ್ಕ? ಕೆಳಗಿನ ಕಿಟಕಿಯಲ್ಲಿ?"

"ನಂಗೆಂತ ಗೊತ್ತು?"

"ಸೊನ್ನೆ ಇತ್ತೋ, ಬೇರೆ ಏನಾದ್ರೂ ಇತ್ತೋ? ಸ್ವಲ್ಪ ನೆನಪು ಮಾಡಿಕೊಳ್ಳಿ."

ಸ್ವರ್ಣಲತಾ ಅವಳ ಮುಖವನ್ನೇ ನೋಡಿದಳು. "ಅಂಕೆ ಯಾರು ನೋಡ್ತಾರೆ ಅನಘ? ಅವ ಬಿಟ್ಟುಹೋದದ್ದು ಹಾಗೇ ಕೂತದ್ದು ನೋಡ್ಲಿಕ್ಕೆ ನಂಗೆ ಆಗ್ಲಿಲ್ಲ. ಸೊನ್ನೆ ಆದದ್ದೇ ಒಳ್ಳೇದಾಯ್ತು ಅಂತ ಕಂಡಿತು." ಅವಳ ಕಣ್ಣು ತುಂಬಿತು. ಅದೇ ಹೊತ್ತಿಗೆ ಹಾಲು ಉಕ್ಕಿದ ವಾಸನೆ ಬಂತು. "ಅಯ್ಯೋ, ಹಾಲು!" ಎಂದು ಅವಳು ಓಡಿದಳು. ವಿಠ್ಠಲವಾಡಿಯ ತಮ್ಮದೇ ಹೋಟೆಲಿನಲ್ಲಿ ದಿನವೂ ದೊಡ್ಡ ಪಾತ್ರೆಗಟ್ಟಲೆ ಹಾಲು ಕಾಯಿಸಿ ಹನಿಯೂ ಚೆಲ್ಲದವಳು ತಮ್ಮನ ಮನೆಯ ಒಲೆಯ ಕಟ್ಟೆಯನ್ನು ಅಳುತ್ತ ಒರೆಸಿದಳು. ಅನಘ ಯಂತ್ರದ ಮುಂದೆಯೇ ನಿಂತಿದ್ದಳು. ಎರಡು ಸಾಲು ಕಿಟಕಿಗಳಲ್ಲೂ ಸೊನ್ನೆ. ಭಾಜಕವನ್ನು ಹಚ್ಚುವ ಗುಂಡಿಗಳನ್ನೂ ಒದ್ದೆ ಬಟ್ಟೆ ಮೇಲಕ್ಕೆ ತಳ್ಳಿಬಿಟ್ಟಿತ್ತು. ಒಳ್ಳೆಯ ಕೈಯ ಕೆಲಸ, ಒಂದು ಗುರುತೂ ಉಳಿದಿರಲಿಲ್ಲ.

ಅವಳಿಗೆ ತಿಳಿಯಬೇಕಾಗಿದ್ದದ್ದು ಒಂದೇ. ಅವನು ಸಾಯುವ ಹಿಂದಿನ ದಿನ ಭಾನುವಾರ. ಅವಳು ಕಲ್ಯಾಣದ ಕೋಚಿಂಗ್ ಕ್ಲಾಸಿಗೆ ಹೋಗಿ ಸಂಜೆ ಬಂದಾಗ ಕುಶಲ ಯಂತ್ರಕ್ಕೆ ಟವೆಲ್ ಹೊದಿಸಿ ಸುಮ್ಮನೆ ಕೂತಿದ್ದ. ಅವಳು ಕೊಟ್ಟ ಒಂದು ದೊಡ್ಡ ಸಂಖ್ಯೆಯನ್ನು ಒಂದೊಂದಾಗಿ ಭಾಗಿಸಿ ನೋಡುತ್ತಿದ್ದವನು ಸಾಮಾನ್ಯವಾಗಿ ಅವಳು ಚಪ್ಪಲಿ ಬಿಡುವ ಮೊದಲೇ ವರದಿ ಒಪ್ಪಿಸುತ್ತಿದ್ದ: ಇವತ್ತು ಏಳು ಸಾವಿರದ ಎಂಟುನೂರು ದಾಟಿದೆ, ಯಾವುದೂ ಹೋಗಲಿಲ್ಲ, ಗಟ್ಟಿಯಾಗಿ ಉಂಟು ನಿನ್ನ ಸಂಖ್ಯೆ! ಆ ಸಂಜೆ ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ, ಅವಳು ಎಡಗೈಯಲ್ಲಿ ಹುಡುಗರ ಉತ್ತರ ಪತ್ರಿಕೆಗಳನ್ನು ತಿರುವುತ್ತ ಬಲಗೈಯಲ್ಲಿ ಉಣ್ಣುತ್ತಿದ್ದಾಗ, "ಅನಘ, ನಿಂಗೆ ಖಾತ್ರಿಯಾ?" ಎಂದ. ಏನು? "ಅದು ಅವಿಭಾಜ್ಯ ಅಂತ." ಅವಳು ತಲೆ ಎತ್ತದೆ ಹೂಂ ಎಂದಳು. ಅಷ್ಟೆ. ಮರುದಿನ ಮಧ್ಯಾಹ್ನ ಬೇಲಾಪುರದ ಆಫೀಸಿನ ಮೆಟ್ಟಿಲಿನ ಮೇಲೆ ಕುಸಿದ. ಆಸ್ಪತ್ರೆಗೆ ತಲುಪುವ ಮೊದಲೇ ಹೃದಯ ನಿಂತಿತ್ತು. ಖಾತ್ರಿಯಾ ಎಂದು ಕೇಳಿದಾಗ ಅವನು ಕೊನೆಯ ಭಾಗಾಕಾರವನ್ನು ಮಾಡಿ ಆಗಿತ್ತೋ, ಅಥವಾ ಅದನ್ನು ಮಾಡಲು ಹೊರಟವನ ಅಳುಕು ಮಾತ್ರ ಆಗಿತ್ತೋ? ಮಾಡಿ ಆಗಿದ್ದರೆ ಅವಳು ಸುಳ್ಳು ಹೇಳಿದ್ದಾಳೆಂದು ತಿಳಿದೇ ಕೇಳಿದ್ದ. ಅವಳ ಹೂಂ ಅನ್ನು ಕೇಳಿ, ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು, ಉಂಡು, ಅವಳ ಪಕ್ಕದಲ್ಲಿ ಮಲಗಿ, ಬೆಳಗ್ಗೆ ಎದ್ದು ಹೋಗಿದ್ದ. ಕಿಟಕಿಯ ಅಂಕೆ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡುವ ಧೈರ್ಯ ಈ ತನಕ ಬಂದಿರಲಿಲ್ಲ. ಇವತ್ತು ನೋಡೋಣ, ನಾಳೆ ನೋಡೋಣ ಎಂದು ಟವೆಲಿನ ಸುತ್ತ ಓಡಾಡಿದ್ದಳು.

"ನೆರೂಳಿನ ಪುಂಡರೀಕಾಕ್ಷ ಅಂಕಲ್ ಫೋನ್ ಮಾಡಿದ್ರು ನಿನ್ನೆ," ಸ್ವರ್ಣಲತಾ ಅಡುಗೆಮನೆಯಿಂದಲೇ ಕೂಗಿದಳು. "ಮಷೀನಿನ ವಿಷಯ ಅಲ್ಲ ಅಂದ್ರು. ಆದ್ರೆ ಕೇಳಿದ್ದು ಮಷೀನಿನ ವಿಷಯವೇ. ಕುಶಲ ಮಷೀನಿನ ಬಗ್ಗೆ ಏನಾದ್ರೂ ಹೇಳಿದ್ನಾ ಅಂತ."

ಅನಘ ಅಟ್ಟದಿಂದ ಹಳೆಯ ಕ್ಯಾನ್ವಾಸ್ ಚೀಲ ಇಳಿಸಿದಳು.

"ಇವತ್ತೇ ಹೋಗ್ತಿಯಾ? ಎಂತ ಅವಸರ ಅದಕ್ಕೆ? ಬಾವನಿಗೆ ಹೇಳಿದ್ರೆ ಟೆಂಪೋದಲ್ಲಿ ಕಳಿಸ್ತಿದ್ರು."

"ಅವರಿಂದ ಎರವಲು ತಂದದ್ದು ಅಕ್ಕ. ಇವತ್ತು ಹೋಗದಿದ್ರೆ ನಾನು ಹೋಗೋದಿಲ್ಲ."

ಸ್ವರ್ಣಲತಾ ವಾದಿಸಲಿಲ್ಲ. ಹೊರಡುವಾಗ ಬಾಗಿಲಲ್ಲಿ ತಡೆದು ತನ್ನ ಪರ್ಸಿನಿಂದ ಕಪ್ಪು ಬೊಟ್ಟಿನ ಹಾಳೆ ತೆಗೆದು ಒಂದನ್ನು ಅವಳ ಹಣೆಗೆ ಒತ್ತಿದಳು. "ಬೋಳು ಹಣೆಯಲ್ಲಿ ಹೋಗ್ಬೇಡ. ಯಾರು ಎಂತ ಹೇಳ್ತಾರೆ ನಾನು ನೋಡ್ತೇನೆ."

ಯಂತ್ರ ಅಷ್ಟೇನೂ ದೊಡ್ಡದಲ್ಲ, ಆದರೆ ಒಳಗೆಲ್ಲ ಉಕ್ಕಿನ ಹಲ್ಲುಗಳು. ರಿಕ್ಷಾದಿಂದ ಇಳಿದು ಡೊಂಬಿವಲಿಯ ಸೇತುವೆ ಹತ್ತುವಾಗ ಚೀಲದ ಪಟ್ಟಿ ಭುಜವನ್ನು ಕೊಯ್ಯಿತು. ಆಫೀಸಿನ ಹೊತ್ತು ದಾಟಿದ್ದರಿಂದ ಲೋಕಲ್ ರೈಲಿನಲ್ಲಿ ಠಾಣೆ ಸ್ಟೇಷನ್ನಿನ ತನಕ ಹೇಗೋ ನಿಂತು ಬಂದಳು. ಎದುರು ಹಳಿಯಲ್ಲಿ ಹಾದುಹೋದ ಡಬ್ಬಿಯ ನಂಬರನ್ನು ಕಣ್ಣು ತಾನಾಗಿಯೇ ಹಿಡಿಯಿತು. ಅಂಕೆಗಳನ್ನು ಕೂಡಿಸಿತು, ಮೂರರಿಂದ ಹೋಗುತ್ತದೆ ಎಂದಿತು, ಬಿಟ್ಟಿತು. ಇದು ಕುಶಲನ ಚಟ. ಡಬ್ಬಿಯ ನಂಬರು, ಬಸ್ಸಿನ ನಂಬರು, ಟೋಕನ್, ಎಲ್ಲವನ್ನೂ ಒಡೆದು ನೋಡುವನು. ಬಿ.ಕಾಂ. ಮಾಡಿ ಲೆಕ್ಕದ ಗುಮಾಸ್ತೆಯಾದವನಿಗೆ ಸಂಖ್ಯೆಗಳ ಮೇಲೆ ಕೆಲವರಿಗೆ ನಾಯಿಮರಿಗಳ ಮೇಲೆ ಇರುವಂಥ ಪ್ರೀತಿ. ಒಂದರಿಂದ ಮತ್ತು ತನ್ನಿಂದಲೇ ಅಲ್ಲದೆ ಬೇರಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ ಸಿಕ್ಕರೆ ರಸ್ತೆಯಲ್ಲೇ ನಿಂತುಬಿಡುವನು. ಕಲೀನಾದ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ ಅವಳಿಗೆ ಮದುವೆಯ ಮೊದಲ ವರ್ಷ ಅದು ಮುದ್ದಾಗಿ ಕಂಡಿತ್ತು, ಆಮೇಲೆ ಜನರೆದುರು ಮುಜುಗರ. ಕೋಚಿಂಗ್ ಕ್ಲಾಸಿನ ಯಜಮಾನ ಜಯೇಶನ ಹೊಸ ಶಾಖೆಯ ಪೂಜೆಯ ದಿನ, ಎಲ್ಲರೂ ಪಾವ್ ಭಾಜಿಯ ತಟ್ಟೆ ಹಿಡಿದು ನಿಂತಿದ್ದಾಗ, ಕುಶಲ ಗೋಡೆಯ ಮೇಲಿನ ಅಂಗಡಿ ನಂಬರನ್ನು ತೋರಿಸಿ, ತೊಂಬತ್ತೊಂದು, ಅವಿಭಾಜ್ಯ, ಒಳ್ಳೆ ಶಕುನ ಎಂದು ಹಿಂದಿಯಲ್ಲಿ ಘೋಷಿಸಿದ. ಜಯೇಶ ಬಾಯಿಯ ತುತ್ತು ನುಂಗಿ, "ಅರೆ ಭಾಯ್, ತೇರಹ್ ಸತ್ತೇ ಇಕ್ಯಾನವೇ! ಮಗ್ಗಿ ಮರೆತು ಹೋಯ್ತಾ?" ಎಂದು ಬೆನ್ನು ತಟ್ಟಿದ. ಹದಿಮೂರೇಳು ತೊಂಬತ್ತೊಂದು. ಎಂಟನೆಯ ಕ್ಲಾಸಿನ ಹುಡುಗರಿಗೆ ಅವಳೇ ಹಾಕುವ ಬಲೆ. ಎಲ್ಲರೂ ನಕ್ಕರು, ಆದರೆ ಮೊದಲು ನಕ್ಕವಳು ಅನಘ. ಕುಶಲನೂ ನಕ್ಕ. ರಿಕ್ಷಾದಲ್ಲಿ ಮನೆಗೆ ಬರುವಾಗ ಹೊರಗೆ ನೋಡುತ್ತ, "ನಂಗೊಂದು ದೊಡ್ಡದು ಕೊಡು. ನಿಜವಾದ ಅವಿಭಾಜ್ಯ. ನಾನೇ ಒಂದೊಂದಾಗಿ ಭಾಗಿಸಿ ಸಾಬೀತು ಮಾಡ್ತೇನೆ," ಎಂದ.

ಅವಳು ಕೊಟ್ಟಳು. ಲ್ಯಾಪ್‌ಟಾಪಿನಲ್ಲಿ ಆಗಲೇ ಒಂದು ಇತ್ತು, ದೊಡ್ಡ ಹುಡುಗರ ಪ್ರಶ್ನೆಪತ್ರಿಕೆಗೆಂದು ಅವಳೇ ಹೆಣೆದದ್ದು. ಆರು ಕೋಟಿ ಇಪ್ಪತ್ತಾರು ಲಕ್ಷದ ಹದಿನೈದು ಸಾವಿರದ ಐನೂರ ಮೂವತ್ತಮೂರು. "ಇದು ಅವಿಭಾಜ್ಯ. ಮಾಡು," ಎಂದಳು. ಅದು ಅವಿಭಾಜ್ಯವಲ್ಲ. 7907ನ್ನು ಅದರ ಮುಂದಿನ ಅವಿಭಾಜ್ಯವಾದ 7919ರಿಂದ ಗುಣಿಸಿ ಅವಳು ಅದನ್ನು ಮಾಡಿದ್ದಳು. ಎರಡರಿಂದ ಶುರುಮಾಡಿ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೊರಟವನಿಗೆ ಅದು ಎಲ್ಲಿಯೂ ಬಿಟ್ಟುಕೊಡುವುದಿಲ್ಲ. ವರ್ಗಮೂಲದ ತನಕ ನೋಡಿದರೆ ಸಾಕು, ಅದರಾಚೆ ನೋಡಬೇಕಿಲ್ಲ. ಆ ಗಡಿಗೆ ಮುಂಚಿನ ಕೊನೆಯ ಅವಿಭಾಜ್ಯ 7907, ಅದೊಂದೇ ಅದನ್ನು ಶೇಷವಿಲ್ಲದೆ ಭಾಗಿಸುತ್ತದೆ. ಮೇಲಿನಿಂದ ಬರುವ ಜಾಣ ಹುಡುಗನಿಗಾದರೋ ಒಂದೇ ಹೆಜ್ಜೆ: 7913ರ ವರ್ಗ ತೆಗೆದುಕೋ, ಸಂಖ್ಯೆಯನ್ನು ಅದರಿಂದ ಕಳೆ, ಮೂವತ್ತಾರು ಉಳಿಯುತ್ತದೆ, ಆರರ ವರ್ಗ, ಬಾಗಿಲು ತೆರೆಯಿತು. ಕುಶಲ ಮೇಲಿನಿಂದ ಬರುವವನಲ್ಲ. ಎರಡು ದಿನದಲ್ಲಿ ಫೋನಿಗೆ ಹಾಕಿ ನೋಡಿ, ಮೋಸ ಮಾಡ್ತಿಯಾ ಎಂದು ಬರುತ್ತಾನೆ, ನಗೋಣ ಎಂದುಕೊಂಡಿದ್ದಳು. ಅವನು ಫೋನಿಗೆ ಹಾಕಲಿಲ್ಲ. ಫೋನೇ ಲೆಕ್ಕ ಮಾಡಿದರೆ ಅದು ಫೋನಿನ ಸಾಬೀತು, ನನ್ನದಲ್ಲ ಎಂದ. ಕನ್ನಡ ಸಂಘದಲ್ಲಿ ಪರಿಚಯವಾದ ನಿವೃತ್ತ ಬ್ಯಾಂಕ್ ಅಧಿಕಾರಿ ಪುಂಡರೀಕಾಕ್ಷರ ಮನೆಗೆ ಹೋಗಿ ಈ ಯಂತ್ರವನ್ನು ಹೊತ್ತು ತಂದ. "ಸೊನ್ನೆ ಮಾಡಿ ತೆಗೆದುಕೊಂಡು ಹೋಗು, ಸೊನ್ನೆ ಮಾಡಿ ತಂದುಕೊಡು, ಬ್ಯಾಂಕಿನ ಕ್ರಮ ಅಂದ್ರು ಮಾರಾಯ್ತಿ," ಎಂದು ಆ ಮುದುಕರ ದನಿಯಲ್ಲಿ ಅನುಕರಿಸಿ ತೋರಿಸಿದ. ಮೊದಲ ವಾರದಲ್ಲಿ ಹೇಳಿಬಿಡಬಹುದಿತ್ತು. ದೀಪಾವಳಿಗೆ ಸಾವಿರ ದಾಟಿದಾಗ ಹೇಳುವುದು ಸ್ವಲ್ಪ ಕಷ್ಟವಾಯಿತು. ಹೊಸ ವರ್ಷಕ್ಕೆ ಅವನು ಆಫೀಸಿನವರಿಗೆಲ್ಲ ಹೇಳಿಕೊಂಡಿದ್ದ. ಅಂಕೆಗಳನ್ನೆಲ್ಲ ಕೂಡಿಸಿದರೆ ಮೂವತ್ತೊಂದು, ಅದೂ ಅವಿಭಾಜ್ಯ ಎಂದು ಒಂದು ದಿನ ಜಿಲೇಬಿ ತಂದಿದ್ದ. ಅವಳು ತಿಂದಿದ್ದಳು.

ಠಾಣೆಯಲ್ಲಿ ನೆರೂಳಿನ ಗಾಡಿ ಹತ್ತಿ ಹೆಂಗಸರ ಡಬ್ಬಿಯಲ್ಲಿ ಬಾಗಿಲ ಪಕ್ಕದ ಸೀಟು ಹಿಡಿದಳು. ಚೀಲವನ್ನು ಕಾಲ ಬಳಿ ಇಳಿಸಿದಾಗ ಹಿಡಿ ಎಲ್ಲಿಗೋ ತಾಗಿ ಒಳಗಿನಿಂದ ಟಿಂಗ್ ಎಂದಿತು. ಸುತ್ತಲಿನವರು ತಿರುಗಿದರು. ಅಷ್ಟರಲ್ಲಿ ಸ್ವರ್ಣಲತಾಳ ಫೋನ್ ಬಂತು. ಸೀಟು ಸಿಕ್ಕಿತು ಅಕ್ಕ, ತಿಂದೆ ಅಕ್ಕ, ಎಂದು ಅನಘ ಇಡುವ ತನಕ ಎದುರು ಕೆಳಗೆ ಕೂತಿದ್ದ ಹೆಂಗಸು ಕಾದಳು. ತಲೆಗೆ ಸೆರಗು, ಪಕ್ಕದಲ್ಲಿ ಸಿಮೆಂಟು ಮೆತ್ತಿದ ಬುಟ್ಟಿ.

"ಕನ್ನಡದವ್ರೇನ್ರಿ? ನಾವು ಕಲಬುರ್ಗಿ ಕಡಿಯವ್ರು. ಚಂದವ್ವ ಅಂತಾರ. ಏನದ ಚೀಲದಾಗ? ಹೊಲಿಗಿ ಮಷಿನ್ನಾ?"

"ಅಲ್ಲ, ಲೆಕ್ಕ ಮಾಡೋ ಮಷೀನು."

"ಯವ್ವಾ! ಲೆಕ್ಕ ಮಾಡ್ಲಾಕ ಇಷ್ಟು ಭಾರ ಬೇಕೇನ್ರಿ? ಕೂಲಿ ಕೊಡೂ ನಮ್ಮ ಮುಕಾದಮ ಬಾಯಾಗೇ ಮಾಡ್ತಾನ. ಮಾಡಿದ್ದೆಲ್ಲಾ ತಪ್ಪ, ಆ ಮಾತು ಬ್ಯಾರಿ." ತನ್ನ ಮಾತಿಗೆ ತಾನೇ ನಕ್ಕು ಚೀಲವನ್ನು ಒಂದು ಕೈಯಲ್ಲಿ ಎತ್ತಿ ತೂಕ ನೋಡಿದಳು. "ಇದನ್ನ ಹೊತ್ಕೊಂಡು ಎಲ್ಲಿಗಿ ಹೊಂಟೀರಿ?"

"ನಮ್ಮ ಮನೆಯವರು ಒಬ್ಬರಿಂದ ತಂದಿದ್ದರು. ವಾಪಸು ಕೊಡೋಕೆ."

"ಮತ್ತ ಅವ್ರಿಗೇನ್ ಧಾಡಿ ಆಗ್ಯಾದ? ತರೂ ಮುಂದ ಗಂಡಸು, ಕೊಡೂ ಮುಂದ ಹೆಂಗಸು! ಎಲ್ಲಿ ಹೋಗ್ಯಾರ?"

"ಆಫೀಸಿಗೆ," ಎಂದಳು ಅನಘ.

ಬಾಯಿಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಒಂದು ಗಳಿಗೆ ಅವಳು ಅದನ್ನು ನಂಬಿದಳು. ಅವನು ಬೇಲಾಪುರದಲ್ಲಿ ಫೈಲಿನ ಮುಂದೆ ಕೂತು ಫೈಲಿನ ನಂಬರನ್ನು ಒಡೆಯುತ್ತಿದ್ದಾನೆ. "ಸಂಜಿಗಿ ಬಂದ ಮ್ಯಾಲ ಛಲೋತ್ನಾಗಿ ಬೈರಿ ಅವ್ರಿಗಿ," ಎಂದಳು ಚಂದವ್ವ. ಅನಘ ಹೂಂ ಎಂದಳು. ಅದೇ ಹೂಂ, ಅದೇ ತಲೆ ಎತ್ತದ ಹೂಂ. ಹುಬ್ಬಳ್ಳಿಯ ಅಜ್ಜಿಯ ಮಾತಿನ ದನಿಯಲ್ಲಿ ಯಾರೋ ಅಷ್ಟು ಸಲಿಗೆಯಿಂದ ಬೈದು ಎಷ್ಟೋ ಕಾಲವಾಗಿತ್ತು. ಈಗ ಬರಬಹುದು ಎಂದು ಅವಳು ಅಳುವಿಗೆ ಕಾದಳು, ಬರಲಿಲ್ಲ. ಕಿಟಕಿಯಾಚೆ ಗುಡ್ಡ ಹಿಂದೆ ಸರಿಯಿತು, ಕಾರ್ಖಾನೆಗಳ ಹಿಂಬದಿಗಳು ಬಂದವು. ಮನಸ್ಸು ಕೂರಲಾರದೆ ಮತ್ತೆ ಆ ಸಂಖ್ಯೆಯ ಸುತ್ತ ಸುತ್ತತೊಡಗಿತು, ಅದನ್ನು ಎತ್ತಿ ಎತ್ತಿ ಒಂದೊಂದು ಕಪಾಟಿನಲ್ಲಿ ಇಟ್ಟು ನೋಡಿತು. ಬೆಸ ಸಂಖ್ಯೆ. ನಾಲ್ಕೇ ಭಾಜಕಗಳು: ಒಂದು, ಆ ಎರಡು, ತಾನು. ತನ್ನನ್ನು ಬಿಟ್ಟು ಉಳಿದ ಮೂರನ್ನೂ ಕೂಡಿಸಿದರೆ ಹದಿನೈದು ಸಾವಿರದ ಚಿಲ್ಲರೆ, ಆರು ಕೋಟಿಯ ಮುಂದೆ ಏನೇನೂ ಅಲ್ಲ. ಹಾಗಾಗಿ ನ್ಯೂನ ಸಂಖ್ಯೆ, ತನ್ನ ಭಾಗಗಳಿಂದ ತನ್ನನ್ನು ತುಂಬಿಸಿಕೊಳ್ಳಲಾರದ್ದು. ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಅಂಥದ್ದು ನಿಜವಾಗಿ ಅವಿಭಾಜ್ಯವಾಗಿದ್ದರೆ ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬರಲೇಬೇಕು. ಇದು ಬರುವುದಿಲ್ಲ. ಒಳಗಿನ ಎರಡೂ ನಾಲ್ಕರಿಂದ ಭಾಗಿಸಿದರೆ ಮೂರು ಉಳಿಸುವಂಥವು, ಒಂದರ ಕೊಂಕನ್ನು ಇನ್ನೊಂದು ಮುಚ್ಚಿ ಹೊರಗಿನಿಂದ ನೇರವಾಗಿ ಕಾಣಿಸುತ್ತವೆ. ಎರಡು ವರ್ಗಗಳ ವ್ಯತ್ಯಾಸವಾಗಿ ಮಾತ್ರ ಬರೆಯಬಹುದು. ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೆ ಎಂದುಕೊಂಡಳು. ಮಾಡಿದ ದಿನ ಹೆಮ್ಮೆಪಟ್ಟಿದ್ದಳು ಕೂಡ.

ಪುಂಡರೀಕಾಕ್ಷರ ಮನೆ ಸ್ಟೇಷನ್ನಿನಿಂದ ದೂರವಿರಲಿಲ್ಲ. ಬಾಗಿಲು ತೆರೆದವರೇ ಚೀಲವನ್ನು ಕಸಿದುಕೊಳ್ಳಲು ನೋಡಿ, ಭಾರಕ್ಕೆ ಬಾಗಿ, "ಇದನ್ನು ಹೊತ್ತು ತಂದದ್ದಾ? ಅಯ್ಯಯ್ಯೋ ಮಗಾ, ನಾನು ಮಷೀನಿಗೋಸ್ಕರ ಫೋನ್ ಮಾಡಿದ್ದಲ್ಲ," ಎಂದರು. ಬಿಳಿ ಬನಿಯನ್, ಮಡಚಿ ಕಟ್ಟಿದ ಲುಂಗಿ. ಅವಳನ್ನು ಕಂಡು ಲುಂಗಿಯನ್ನು ಕೆಳಗಿಳಿಸಿಕೊಂಡರು. ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದಾಳೆ, ಚಾ ತಾನೇ ಮಾಡುತ್ತೇನೆ ಎಂದರು. ಮಾಡಲು ಹೋಗಲಿಲ್ಲ. ಚೀಲದಿಂದ ಯಂತ್ರವನ್ನು ತೆಗೆದು ಊಟದ ಮೇಜಿನ ಮೇಲಿಟ್ಟು ಅದರ ಬೆನ್ನು ಸವರಿದರು, ಕಣ್ಣು ಮಾತ್ರ ಅವಳ ಕಡೆಗೇ ಇತ್ತು.

"ಅವ ನಿನ್ನ ಹತ್ರ ಏನಾದ್ರೂ ಹೇಳಿದ್ನಾ? ಇದರ ಬಗ್ಗೆ? ನನ್ನ ಬಗ್ಗೆ?"

"ಇಲ್ಲ. ಏನು ಅಂಕಲ್?"

"ಆ ದಿನ ಬೆಳಗ್ಗೆ ಫೋನ್ ಮಾಡಿದ್ದ. ಸೋಮವಾರ. ರೈಲಿನಿಂದಲೇ. ಗಲಾಟೆ, ನಂಗೆ ಅರ್ಧ ಕೇಳ್ತದೆ, ಅರ್ಧ ಇಲ್ಲ." ಅವರು ಕುರ್ಚಿ ಎಳೆದು ಕೂತರು. "'ಅಂಕಲ್, ನಿಮ್ಮ ಮಷೀನಿನಲ್ಲಿ ಎಲ್ಲೋ ಹಲ್ಲು ಸವೆದಿದೆ' ಅಂದ. ಯಾಕೆ ಅಂದೆ. ಕೊನೆಯದರಲ್ಲಿ ಸೊನ್ನೆ ಬರ್ತಾ ಉಂಟು ಅಂದ. ಮೂರು ಸರ್ತಿ ಮಾಡಿದೆ, ಮೂರು ಸರ್ತಿಯೂ ಸೊನ್ನೆ. ಬಂದ್ರೆ ಬಂತು, ಅದಕ್ಕೇನು ಅಂದೆ. ಬರಬಾರದು ಅಂಕಲ್, ನನ್ನ ಹೆಂಡ್ತಿ ಬರುದಿಲ್ಲ ಅಂತ ಹೇಳಿದ್ದಾಳೆ, ಅವಳು ಗಣಿತದ ಎಂ.ಎಸ್ಸಿ., ನಿನ್ನೆ ರಾತ್ರಿ ಕೂಡ ಕೇಳಿದೆ, ಖಾತ್ರಿ ಅಂದ್ಲು. ಹಾಗಾಗಿ ಮಷೀನೇ ತಪ್ಪು."

ಅನಘ ಮೇಜಿನ ಅಂಚನ್ನು ಹಿಡಿದಳು.

"ನಂಗೆ ಸಿಟ್ಟು ಬಂತು. ಎಷ್ಟು ವರ್ಷ ಈ ಮಷೀನಿನ ಮೇಲೆ ಬ್ಯಾಲೆನ್ಸ್ ತಾಳೆ ಹಾಕಿದವ ನಾನು. ಕಂಪ್ಯೂಟರ್ ಬಂದು ಇದನ್ನು ಗುಜರಿಗೆ ಹಾಕುವಾಗ ಕೇಳಿ ತಂದದ್ದು. ನಾನು ಹೇಳಿದೆ, ಮಷೀನಿಗೆ ಎಂತದೂ ಆಗ್ಲಿಲ್ಲ, ನಿನ್ನ ಕೈಗೆ ಬುದ್ಧಿ ಇಲ್ಲ, ಮೊದಲು ವಾಪಸು ತಂದುಕೊಡು ಅಂತ. ಅವ ಸಾರಿ ಅಂಕಲ್, ತರ್ತೇನೆ ಅಂದ. ಮಧ್ಯಾಹ್ನ ಸಂಘದವರ ಮೆಸೇಜ್ ಬಂತು." ಅವರ ಕೆಳದುಟಿ ಒಳಗೆ ಹೋಯಿತು. "ಸಾಯುವ ದಿನ ಬೈಸಿಕೊಂಡು ಹೋದ ಮಗಾ. ಮಷೀನು ನಿಜವಾಗಿಯೂ ಕೆಟ್ಟಿದ್ರೆ ಅವ ಹೇಳಿದ್ದೇ ಸರಿ, ನಾನು ಸುಮ್ಮನೆ ಬೈದದ್ದು. ಕೆಟ್ಟದ್ದಿಲ್ಲಾಂದ್ರೆ... ನಂಗೆ ಈಗ ಅದೊಂದು ಗೊತ್ತಾಗ್ಬೇಕು. ನೀನು ಓದಿದವಳು, ಒಂದು ಸರ್ತಿ ನನ್ನ ಎದುರು ಮಾಡಿ ನೋಡು."

ಹಾಗಾದರೆ ಅವನಿಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅವಳು ಹೆದರಿದ್ದದ್ದು ಅವನಿಗೆ ಗೊತ್ತಾಗಿತ್ತು ಎಂಬುದಕ್ಕೆ. ಇದಕ್ಕೆ ಹೆದರಬೇಕೆಂದು ತಿಳಿದೇ ಇರಲಿಲ್ಲ. ಕಣ್ಣೆದುರು ಸಾಲಾಗಿ ಸೊನ್ನೆ ನಿಂತಿದ್ದಾಗ, ಒಮ್ಮೆಯಲ್ಲ ಮೂರು ಬಾರಿ, ಅವನು ಸೊನ್ನೆಯನ್ನು ಬಿಟ್ಟು ಅವಳನ್ನು ನಂಬಿದ್ದ. ಅವಳ ಹೂಂ ಅನ್ನು ಉಕ್ಕಿನ ಹಲ್ಲುಗಳಿಗಿಂತ ಗಟ್ಟಿ ಎಂದು ತಿಳಿದಿದ್ದ. ಮಷೀನು ಕೆಟ್ಟಿದೆ ಅಂಕಲ್ ಎಂದು ಈಗ ಹೇಳಿದರೆ ಸಾಕು. ಭಾಗಾಕಾರದಲ್ಲಿ ಎಲ್ಲೋ ಒಂದು ಸುತ್ತು ಕಡಿಮೆ ಮಾಡಿ, ನೋಡಿ, ಅವತ್ತು ಸೊನ್ನೆ, ಇವತ್ತು ಏನೋ ಉಳಿಯಿತು, ಹಲ್ಲು ಸವೆದಿದೆ ಎನ್ನಬಹುದು, ಅವರ ಕಣ್ಣು ಅಷ್ಟು ಚುರುಕಿಲ್ಲ. ಕುಶಲ ಜಾಣನಾಗಿ ಉಳಿಯುತ್ತಾನೆ, ಅವಳು ಎಂ.ಎಸ್ಸಿ.ಯಾಗಿ ಉಳಿಯುತ್ತಾಳೆ, ಈ ಮುದುಕ ಮಾತ್ರ ಇಷ್ಟು ವರ್ಷ ಕೆಟ್ಟ ಯಂತ್ರವನ್ನು ಸವರಿದವನಾಗಿ, ಸತ್ತವನನ್ನು ಸುಮ್ಮನೆ ಬೈದವನಾಗಿ ಮೂಲೆಯಲ್ಲಿ ಕೂರುತ್ತಾನೆ. ಆರು ಕೋಟಿಯ ಆ ಸಂಖ್ಯೆ ಎಂದೆಂದಿಗೂ ಅವಿಭಾಜ್ಯವಾಗಿರುತ್ತದೆ, ಈ ಮೇಜಿನ ಸುತ್ತಲಾದರೂ.

ಅವಳು ಯಂತ್ರದ ಎದುರು ಕೂತಳು. ಸಂಖ್ಯೆಯನ್ನು ಹಚ್ಚಿ ಒಂದು ಸುತ್ತು ಕೊಟ್ಟು ಕೆಳಗಿನ ಕಿಟಕಿಗೆ ಇಳಿಸಿದಳು: 6, 2, 6, 1, 5, 5, 3, 3. ಸುತ್ತುಗಳನ್ನು ಎಣಿಸುವ ಮೇಲಿನ ಸಣ್ಣ ಕಿಟಕಿಯನ್ನು ಸೊನ್ನೆ ಮಾಡಿ, ಗುಂಡಿಗಳನ್ನು 7907ಕ್ಕೆ ತಂದಳು. ಪುಂಡರೀಕಾಕ್ಷರು ಎದ್ದು ಬಂದು ಅವಳ ಹಿಂದೆ ನಿಂತರು. ಅವರ ಉಸಿರಿನಲ್ಲಿ ವೀಳ್ಯದ ವಾಸನೆಯಿತ್ತು. ಹಿಡಿಯನ್ನು ಹಿಂದಕ್ಕೆ ತಿರುಗಿಸತೊಡಗಿದಳು. ಈ ಯಂತ್ರವನ್ನು ಇಷ್ಟು ತಿಂಗಳಲ್ಲಿ ಅವಳು ಒಮ್ಮೆಯೂ ಮುಟ್ಟಿರಲಿಲ್ಲ. ಹಿಡಿಯ ಮರ ಅವನ ಅಂಗೈಯಿಂದ ನುಣುಪಾಗಿತ್ತು, ಒಂದು ಕಡೆ ಹೆಬ್ಬೆರಳಿನಷ್ಟು ತಗ್ಗು. ಟಿಂಗ್. ಒಂದು ಮುಂದಕ್ಕೆ. ಗಾಡಿ ಸರಿಸಿದಳು. ಮತ್ತೆ ಕರಕರ, ಟಿಂಗ್, ಒಂದು ಮುಂದಕ್ಕೆ. ಒಂದೊಂದು ಸಲ ಗಂಟೆ ಬಾರಿಸಿದಾಗಲೂ ಒಂದನ್ನು ಮರಳಿಸಬಹುದಾಗಿತ್ತು, ಎಷ್ಟು ಸುಲಭವಾಗಿ ಮರಳಿಸಬಹುದಾಗಿತ್ತು. ಕೊನೆಯ ಸ್ಥಾನಕ್ಕೆ ಬಂದಳು. ಇಲ್ಲಿ ಒಂದು ಸುತ್ತು ಕಡಿಮೆ ಮಾಡಿದರೆ ಸಾಕು. ಅವಳ ಕೈ ಎಂಟನೆಯ ಸುತ್ತು ಮುಗಿಸಿ ನಿಂತಿತು. ಕಿಟಕಿಯಲ್ಲಿ 7907 ನಿಂತಿತ್ತು, ಕಳೆಯಲು ಕಾದಂತೆ.

"ಆಯ್ತಾ?" ಎಂದರು ಹಿಂದಿನಿಂದ.

"ಇನ್ನೂ ಒಂದಿದೆ," ಎಂದಳು ಅನಘ. ಒಂಬತ್ತನೆಯದನ್ನು ತಿರುಗಿಸಿದಳು.

ಗಂಟೆ ಬಾರಿಸಲಿಲ್ಲ. ಅಂಕೆಗಳೆಲ್ಲ ಒಟ್ಟಿಗೆ ಉರುಳಿ ಸೊನ್ನೆಯಾದವು. ಮೇಲಿನ ಸಣ್ಣ ಕಿಟಕಿಯಲ್ಲಿ 7919. ಇದನ್ನು ಅವನು ಮೂರು ಬಾರಿ ನೋಡಿದ್ದ. ನೋಡಿ, ಟವೆಲ್ ಹೊದಿಸಿ, ಅವಳು ಕಲ್ಯಾಣದಿಂದ ಬರುವ ತನಕ ಸುಮ್ಮನೆ ಕೂತಿದ್ದ.

"ಸೊನ್ನೆಯೇ," ಎಂದರು ಪುಂಡರೀಕಾಕ್ಷರು. ಅವರ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. "ಸೊನ್ನೆ ಬಂತಲ್ಲ. ಹಾಗಾದ್ರೆ ಮಷೀನು ತಪ್ಪು, ಅಲ್ವಾ? ಅವ ಹೇಳಿದ ಹಾಗೆ?" ಅವರು ಅದನ್ನೇ ಬೇಡುತ್ತಿದ್ದಾರೆ ಎಂದು ಅವಳಿಗೆ ಆಗ ತಿಳಿಯಿತು. ಇಷ್ಟು ವರ್ಷದ ತಮ್ಮ ಯಂತ್ರವನ್ನೇ ಬಿಟ್ಟುಕೊಡಲು ತಯಾರಾಗಿ, ಬೈದ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡರೂ ಸರಿ, ಸತ್ತವನ ಮಾತು ನಿಜವಾಗಲಿ ಎಂದು.

"ಇಲ್ಲ ಅಂಕಲ್. ಮಷೀನು ಸರಿ ಇದೆ. ಸೊನ್ನೆಯೇ ಬರಬೇಕು."

"ಮತ್ತೆ ಅವ? ಅವ ತಪ್ಪಿದ್ದಾ?"

"ಅವರ ಕೈಯೂ ಸರಿ ಇತ್ತು. ಇಷ್ಟು ಸಾವಿರ ಸುತ್ತು ತಿರುಗಿಸಿ ಬಂದ ಮೇಲೂ ಕೊನೆಯದರಲ್ಲಿ ತಪ್ಪಲಿಲ್ಲ. ತಪ್ಪಿದ್ದರೆ ಮೂರು ಸಲವೂ ಇದು ಸಿಗುತ್ತಿರಲಿಲ್ಲ." ಮುಂದಿನ ಮಾತಿಗೆ ಉಸಿರು ಬೇಕಾಯಿತು. "ಇದು ಅವಿಭಾಜ್ಯ ಅಂತ ಅವರಿಗೆ ಹೇಳಿದ್ದು ನಾನು. ಅಲ್ಲ ಅಂತ ನನಗೆ ಗೊತ್ತಿತ್ತು. ನಾನೇ ಮಾಡಿದ ಸಂಖ್ಯೆ ಇದು."

ಕೆಳಗೆ ರಸ್ತೆಯಲ್ಲಿ ತರಕಾರಿಯವನು ಮರಾಠಿಯಲ್ಲಿ ಮೆಂತ್ಯ, ಮೆಂತ್ಯ ಎಂದು ಕೂಗುತ್ತ ಹೋದ. ಪುಂಡರೀಕಾಕ್ಷರು ಬೈಯಲಿ ಎಂದು ಅವಳು ಕಾದಳು. ಯಾಕೆ ಎಂದಾದರೂ ಕೇಳಲಿ ಎಂದು ಕಾದಳು. ಅವರು ಅವಳ ತಲೆಯ ಮೇಲೆ ಕೈಯಿಡಲು ಹೋಗಿ, ಅರ್ಧದಲ್ಲಿ ತಡೆದು, ಯಂತ್ರದ ಬೆನ್ನಿನ ಮೇಲೆ ಇಟ್ಟರು. "ಎಂಟು ತಿಂಗಳು ತಿರುಗಿಸಿದ್ನಲ್ಲ ಮಗಾ," ಎಂದರು, ಅಷ್ಟೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಕೌಂಟರಿನ ಹಿಂದೆ ಕೂತವರಂತೆ, ಅಭ್ಯಾಸ ಬಲದಿಂದ, "ಆಯ್ತು. ಸೊನ್ನೆ ಮಾಡಿ ಕೊಡು," ಎಂದರು.

ಅನಘ ಚಿಟ್ಟೆಯ ರೆಕ್ಕೆಯಂಥ ಆ ತಿರುಪನ್ನು ಹಿಡಿದಳು. ಕೆಳಗಿನ ಉದ್ದ ಸಾಲಿನಲ್ಲಿ ಮಾಡಲಿಕ್ಕೆ ಏನೂ ಉಳಿದಿರಲಿಲ್ಲ. ಮೇಲಿನ ಸಣ್ಣ ಕಿಟಕಿಯಲ್ಲಿ ಅವನು ಹುಡುಕಿ ತೆಗೆದದ್ದು, ನಂಬದೇ ಬಿಟ್ಟದ್ದು, ನಾಲ್ಕು ಅಂಕೆಗಳು. ಬೆಳಗ್ಗೆ ಒದ್ದೆ ಬಟ್ಟೆ ಅಳಿಸಿದ್ದೂ ಇದನ್ನೇ ಇರಬೇಕು. ಅವಳು ಬೆರಳು ತೆಗೆದಳು.

"ಇದೊಂದು ಇರಲಿ ಅಂಕಲ್. ಇದು ಅವರದು."

ಪುಂಡರೀಕಾಕ್ಷರು ಬಗ್ಗಿ, ಕನ್ನಡಕವನ್ನು ಹಣೆಗೇರಿಸಿ, ಆ ಅಂಕೆಗಳನ್ನು ಒಂದೊಂದಾಗಿ ತುಟಿ ಅಲ್ಲಾಡಿಸಿ ಓದಿಕೊಂಡರು. ಬ್ಯಾಂಕಿನ ಕ್ರಮದ ಮಾತು ಎತ್ತಲಿಲ್ಲ. ಕಪಾಟಿನಿಂದ ಯಂತ್ರದ ಹಳೆಯ ಕಪ್ಪು ಹೊದಿಕೆಯನ್ನು ತಂದು, ಹಿಡಿಗೆ ತಾಗದ ಹಾಗೆ, ಗಾಡಿ ಅಲುಗದ ಹಾಗೆ, ಎರಡೂ ಕೈಯಲ್ಲಿ ಮೆಲ್ಲನೆ ಮುಚ್ಚಿದರು.